ಕಾರನ್ನಲ್ಲ, ಕಟ್ಟಿದವನನ್ನು ನೋಡು



ಮೂವತ್ತನಾಲ್ಕು ವರ್ಷ ಸಮಾಜ ಪಾಠ ಹೇಳಿದ ನನ್ನನ್ನು ಕಾರಿನ ವಿಷಯದಲ್ಲಿ ಸಲಹೆ ಕೇಳುವವರೂ ಇದ್ದಾರೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಸೈಕಲ್ಲಿನಿಂದ ಲೂನಾಕ್ಕೆ ಬಡ್ತಿ ಪಡೆದು, ಲೂನಾದಿಂದ ಮತ್ತೆ ನಡಿಗೆಗೆ ಮರಳಿದವನು ನಾನು. ಆದರೂ ಕಳೆದ ಯುಗಾದಿಯ ಮಾರನೆಯ ಸಂಜೆ, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ನೆಲೆಸಿರುವ ಹಳೆಯ ಶಿಷ್ಯನೊಬ್ಬ ಹಬ್ಬದ ನಮಸ್ಕಾರ ಹೇಳಲು ಫೋನ್ ಮಾಡಿದವನು, ಕೊನೆಯಲ್ಲಿ ಹೀಗೆ ಕೇಳಿದ:

“ಮೇಷ್ಟ್ರೇ, ಎರಡು ಕಾರು ನೋಡಿಟ್ಟಿದ್ದೇನೆ. ಎರಡೂ ಕಿಟ್ ಕಾರು. ಯಾವುದನ್ನು ಕೊಳ್ಳಲಿ?”

“ಕಾರಿನ ವಿಷಯ ನನಗೇನು ಗೊತ್ತು ಮಾರಾಯ?”

“ಯಾವ ವಸ್ತುವಾದರೂ ಅರ್ಥವಾಗಬೇಕಾದರೆ ಅದು ಏಕೆ ಹುಟ್ಟಿತು ಅಂತ ನೋಡಬೇಕು ಎಂದು ಹೇಳಿಕೊಟ್ಟವರು ನೀವೇ ಅಲ್ಲವೇ? ಇತಿಹಾಸ ನೋಡಿ ಹೇಳಿ, ಸಾಕು.”

ನಮ್ಮ ಮಾತಿನಿಂದಲೇ ನಮ್ಮನ್ನು ಕಟ್ಟಿಹಾಕುವ ವಿದ್ಯೆ ಶಿಷ್ಯರಿಗೆ ಮಾತ್ರ ಸಿದ್ಧಿಸಿರುತ್ತದೆ. ಎರಡು ವಾರ ಕೂತು ಓದಿದೆ. ಓದಿದ್ದರಲ್ಲಿ ಕಾರಿನ ಚರಿತ್ರೆಯೂ ಇತ್ತು, ನನ್ನದೊಂದು ಹಳೆಯ ತಪ್ಪಿನ ಕನ್ನಡಿಯೂ ಇತ್ತು. ಎರಡನ್ನೂ ನಿಮ್ಮ ಮುಂದಿಡುತ್ತೇನೆ.

ಕಿಟ್ ಕಾರು ಎಂದರೆ ಬಿಡಿಭಾಗಗಳ ರೂಪದಲ್ಲಿ ಮಾರಾಟವಾಗಿ, ಕೊಂಡವನೇ ಮನೆಯಲ್ಲಿ ಜೋಡಿಸಿಕೊಳ್ಳುವ ಕಾರು. ಚೌಕಟ್ಟು, ಹೊರಮೈ, ಕೆಲವು ಭಾಗಗಳು ಪೆಟ್ಟಿಗೆಗಳಲ್ಲಿ ಬರುತ್ತವೆ. ಎಂಜಿನ್, ಗೇರ್ ಬಾಕ್ಸ್, ಆಕ್ಸಲ್ ಮುಂತಾದವುಗಳನ್ನು ಸಾಮಾನ್ಯವಾಗಿ ಯಾವುದಾದರೊಂದು ಹಳೆಯ ಕಾರಿನಿಂದ ಬಿಚ್ಚಿ ತಂದು ಇದಕ್ಕೆ ಅಳವಡಿಸುತ್ತಾರೆ. ಆ ಹಳೆಯ ಕಾರನ್ನು ‘ದಾನಿ’ ಎಂದೇ ಕರೆಯುವುದು ಅಲ್ಲಿನ ವಾಡಿಕೆ. ತನ್ನ ಅಂಗಗಳನ್ನು ಕೊಟ್ಟು ಇನ್ನೊಂದಕ್ಕೆ ಜೀವ ತುಂಬುವ ಕಾರಿಗೆ ಅದು ಸಲ್ಲುವ ಹೆಸರೇ.

ಇಂಥ ಕಾರುಗಳು ಬ್ರಿಟನ್ನಿನಲ್ಲಿ ಅಷ್ಟೊಂದು ಬೆಳೆದುದಕ್ಕೆ ಒಂದು ಮುಖ್ಯ ಕಾರಣ ತೆರಿಗೆ. ಎರಡನೆಯ ಮಹಾಯುದ್ಧದ ನಡುವೆ, 1940ರಲ್ಲಿ, ಅಲ್ಲಿನ ಸರ್ಕಾರ ಖರೀದಿ ತೆರಿಗೆಯನ್ನು ಜಾರಿಗೆ ತಂದಿತು. ಯುದ್ಧ ಮುಗಿದರೂ ತೆರಿಗೆ ಮುಗಿಯಲಿಲ್ಲ. 1957ರ ಹೊತ್ತಿಗೆ ಹೊಸ ಕಾರಿನ ಸಗಟು ಬೆಲೆಯ ಮೇಲೆ ಶೇಕಡಾ 60ರಷ್ಟು ತೆರಿಗೆ ಬೀಳುತ್ತಿತ್ತು. ಆದರೆ ಈ ತೆರಿಗೆ ಪೂರ್ಣಗೊಂಡ ಕಾರಿಗೆ ಮಾತ್ರ. ಬಿಡಿಭಾಗಗಳಾಗಿ ಕೊಂಡು ತಾನೇ ಜೋಡಿಸಿಕೊಳ್ಳುವವನಿಗೆ ಅದರ ಹೊರೆ ಇರಲಿಲ್ಲ. ಹಣವಿಲ್ಲದವನು ತನ್ನ ಸಂಜೆಗಳನ್ನೂ ಭಾನುವಾರಗಳನ್ನೂ ತೆತ್ತು ಕಾರಿನ ಒಡೆಯನಾಗುವ ದಾರಿಯೊಂದು ಹೀಗೆ ತೆರೆಯಿತು.

ಈ ದಾರಿಯಲ್ಲಿ ಹೆಸರಾದವನು ಕಾಲಿನ್ ಚಾಪ್‌ಮನ್. 1928ರಲ್ಲಿ ಹುಟ್ಟಿದ ಈತ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡ ರಚನೆಯ ಎಂಜಿನಿಯರಿಂಗ್ ಓದುತ್ತಿದ್ದಾಗಲೇ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ ತನ್ನ ಮೊದಲ ಕಾರನ್ನು ಕಟ್ಟಿದ. ಆಸ್ಟಿನ್ ಸೆವೆನ್ ಎಂಬುದು 1922ರಲ್ಲಿ ಬಂದ, ಸಾಮಾನ್ಯ ಜನರ ಪುಟ್ಟ ಕಾರು. 1952ರಲ್ಲಿ ಲೋಟಸ್ ಸಂಸ್ಥೆಯನ್ನು ನೋಂದಾಯಿಸುವಾಗ ಚಾಪ್‌ಮನ್ನನಿಗೆ ಬೇಕಾದ 25 ಪೌಂಡುಗಳನ್ನು ಕೊಟ್ಟವಳು ಮುಂದೆ ಅವನ ಮಡದಿಯಾದ ಹೇಜಲ್. ಐದು ವರ್ಷಗಳ ಬಳಿಕ, 1957ರಲ್ಲಿ, ‘ಲೋಟಸ್ ಸೆವೆನ್’ ಹೊರಬಂದಿತು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಮ್ ತಗಡು, ಇಬ್ಬರು ಕೂರಲು ಸ್ಥಳ. ಬಾಗಿಲಿಲ್ಲ, ಗಟ್ಟಿ ಸೂರಿಲ್ಲ. ಬೇಡದ್ದೆಲ್ಲವನ್ನೂ ಬಿಟ್ಟುದೇ ಅದರ ಗುಣ. ಹಗುರವಾಗಿದ್ದುದರಿಂದ ಸಣ್ಣ ಎಂಜಿನ್ನಿನಲ್ಲಿಯೇ ಅದು ದೊಡ್ಡ ಕಾರುಗಳ ಬೆನ್ನು ಹತ್ತುತ್ತಿತ್ತು.

ಈ ಕಾಲದ ಒಂದು ಸ್ವಾರಸ್ಯದ ಕಥೆಯನ್ನು ಅಲ್ಲಿನವರು ಇಂದಿಗೂ ಹೇಳಿಕೊಳ್ಳುತ್ತಾರೆ. ಜೋಡಿಸುವ ವಿಧಾನವನ್ನು ವಿವರಿಸುವ ಕೈಪಿಡಿ ಕೊಟ್ಟರೆ ತೆರಿಗೆಯವರು ಆಕ್ಷೇಪಿಸುತ್ತಾರೆಂದು, ಕಂಪನಿಯವರು ಕಾರನ್ನು ಬಿಚ್ಚುವ ವಿಧಾನವನ್ನು ಅಚ್ಚುಹಾಕಿಸಿ ಕೊಟ್ಟರಂತೆ. ಕೊಂಡವನು ಅದನ್ನು ಕೊನೆಯ ಪುಟದಿಂದ ಮೊದಲ ಪುಟಕ್ಕೆ ಓದಿಕೊಂಡರಾಯಿತು! ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಜಾಣರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

1973ರ ಏಪ್ರಿಲ್ 1ರಂದು ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದಿತು. ಅದು ಬಿಡಿಭಾಗಗಳನ್ನೂ ಬಿಡಲಿಲ್ಲ. ಅದೇ ವರ್ಷ ಲೋಟಸ್ ಕಂಪನಿ ಸೆವೆನ್ ಕಾರನ್ನು ತಯಾರಿಸುವ ಹಕ್ಕನ್ನು ಸರ್ರೆ ಪ್ರಾಂತದ ಕೇಟರ್‌ಹ್ಯಾಮ್ ಸಂಸ್ಥೆಗೆ ಬಿಟ್ಟುಕೊಟ್ಟಿತು. ಕಿಟ್ ಕಾರಿನ ಕಥೆ ಅಲ್ಲಿಗೇ ಮುಗಿಯಬೇಕಿತ್ತು, ಮುಗಿಯಲಿಲ್ಲ. ಏಕೆಂದರೆ ಜನರ ಕೈಗೆ ಅಷ್ಟರಲ್ಲಿ ರುಚಿ ಹತ್ತಿತ್ತು. ಜೊತೆಗೆ ಇನ್ನೊಂದು ಕಾರಣವೂ ಇತ್ತು. ಆ ಕಾಲದ ಫೋರ್ಡ್ ಎಸ್ಕಾರ್ಟ್, ಕಾರ್ಟಿನಾ ಕಾರುಗಳ ಮೈ ಅಲ್ಲಿನ ಮಳೆಗೂ, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪಿಗೂ ತುಕ್ಕು ಹಿಡಿಯುತ್ತಿತ್ತು. ಮೈ ಹಾಳಾಗಿ ವಾರ್ಷಿಕ ಪರೀಕ್ಷೆಯಲ್ಲಿ ಬಿದ್ದುಹೋದ ಕಾರಿನೊಳಗೆ ಎಂಜಿನ್ನು ಇನ್ನೂ ಗಟ್ಟಿಯಾಗಿರುತ್ತಿತ್ತು. ಗುಜರಿ ಬೆಲೆಗೆ ಸಿಗುವ ಅಂಥ ಕಾರಿನಿಂದ ಎಂಜಿನ್ ತೆಗೆದು ಹೊಸ ಚೌಕಟ್ಟಿಗೆ ಕೂರಿಸುವುದು ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ದೊಡ್ಡ ಹವ್ಯಾಸವಾಯಿತು. ಡಟನ್, ವೆಸ್ಟ್‌ಫೀಲ್ಡ್, ರಾಬಿನ್ ಹುಡ್ ಮುಂತಾದ ಹೆಸರುಗಳು ಪ್ರಚಾರಕ್ಕೆ ಬಂದುವು.

ಇಲ್ಲಿಂದ ಮುಂದಿನ ಅಧ್ಯಾಯವೇ ನನ್ನನ್ನು ತಡೆದು ನಿಲ್ಲಿಸಿದ್ದು. 1996ರಲ್ಲಿ ರಾನ್ ಚಾಂಪಿಯನ್ ಎಂಬುವರು ಒಂದು ಪುಸ್ತಕ ಪ್ರಕಟಿಸಿದರು. ಕೇವಲ 250 ಪೌಂಡುಗಳಲ್ಲಿ ನಿಮ್ಮದೇ ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳಿ ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ. ಲೋಟಸ್ ಸೆವೆನ್ನಿನ ಮಾದರಿಯಲ್ಲಿ, ಚೌಕಾಕಾರದ ಉಕ್ಕಿನ ಕೊಳವೆಗಳನ್ನು ತಾವೇ ಕತ್ತರಿಸಿ ಬೆಸೆದು, ಹಳೆಯ ಎಸ್ಕಾರ್ಟಿನ ಭಾಗಗಳನ್ನು ಜೋಡಿಸುವ ಕ್ರಮವನ್ನು ಅವರು ಅಳತೆಗಳ ಸಮೇತ ವಿವರಿಸಿದ್ದರು. ಈ ಬಗೆಯ ಕಾರಿಗೆ ‘ಲೋಕಾಸ್ಟ್’ ಎಂದು ಹೆಸರಾಯಿತು. ಕಡಿಮೆ ಖರ್ಚು ಎಂಬ ಅರ್ಥವೂ ಬಂತು, ಲೋಟಸ್ಸಿನ ನೆನಪೂ ಉಳಿಯಿತು. ಈ ಚಾಂಪಿಯನ್ನರು ನಾರ್ಥಾಂಪ್ಟನ್‌ಷೈರಿನ ಔಂಡಲ್ ಶಾಲೆಯಲ್ಲಿದ್ದವರು. ಲೋಕಾಸ್ಟ್ ಬೆಳೆದುಬಂದದ್ದು ಆ ಶಾಲೆಯ ಕೆಲಸದಿಂದ.

ಔಂಡಲ್ ಶಾಲೆಯ ಹೆಸರು ಶಿಕ್ಷಣದ ಚರಿತ್ರೆ ಓದಿದವರಿಗೆ ಹೊಸದಲ್ಲ. 1892ರಿಂದ 1922ರವರೆಗೆ ಅಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಸ್ಯಾಂಡರ್ಸನ್ ಅವರು ಶಾಲೆಯೊಳಗೆ ಪ್ರಯೋಗಾಲಯಗಳನ್ನೂ ಕಾರ್ಯಾಗಾರಗಳನ್ನೂ ಕಟ್ಟಿಸಿ, ಹುಡುಗರ ಕೈಗೆ ಹತಾರುಗಳನ್ನು ಕೊಟ್ಟವರು. ಅವರ ಜೀವನವನ್ನು ಕುರಿತು ಎಚ್.ಜಿ. ವೆಲ್ಸ್ ಒಂದು ಪುಸ್ತಕವನ್ನೇ ಬರೆದರು.

ಇದನ್ನು ಓದಿ ಪುಸ್ತಕ ಮುಚ್ಚಿ ಕುಳಿತೆ. ಈಗ ನನ್ನ ಕಥೆ.

ಫೋನ್ ಮಾಡಿದನೆಂದು ಹೇಳಿದೆನಲ್ಲ, ಆ ಶಿಷ್ಯ 1986ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದ. ಅವನ ತಂದೆಯದು ಬಸ್ ನಿಲ್ದಾಣದ ಎದುರು ಸೈಕಲ್ ಷಾಪು. ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಅವನು ನನ್ನ ಸೈಕಲ್ಲಿನ ಡೈನಮೋವನ್ನು ಪೂರ್ತಿ ಬಿಚ್ಚಿ, ಒಳಗಿನದನ್ನೆಲ್ಲ ಕರ್ಚೀಫಿನ ಮೇಲೆ ಹರವಿಕೊಂಡು ಕುಳಿತಿದ್ದ. ನಾನು ನೋಡಿದೆ. ಕೆನ್ನೆಗೆ ಒಂದು ಬಿಟ್ಟೆ. ಅವನು ಅಳುತ್ತಲೇ ಎಲ್ಲವನ್ನೂ ಮತ್ತೆ ಜೋಡಿಸಿದ. ಆ ರಾತ್ರಿ ಮನೆಗೆ ಹೋಗುವಾಗ ದೀಪ ಎಂದಿಗಿಂತ ಚೆನ್ನಾಗಿಯೇ ಉರಿಯಿತು. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಮರುದಿನ ಅವನ ತಂದೆಯನ್ನು ಕಂಡು, “ಹುಡುಗನ ಕೈಗೆ ಸ್ಪ್ಯಾನರ್ ಕೊಡಬೇಡಿ, ಪುಸ್ತಕ ಕೊಡಿ. ನಿಮ್ಮ ಹಾಗೆ ಅವನೂ ಎಣ್ಣೆಕೈಯವನಾಗುವುದು ಬೇಡ” ಎಂದು ಉಪದೇಶ ಮಾಡಿದೆ. ಆ ಸಾಧು ಮನುಷ್ಯ ಕೈ ಮುಗಿದು, “ಆಗಲಿ ಮೇಷ್ಟ್ರೇ” ಎಂದರು. ಅಂದಿನಿಂದ ಮಗನನ್ನು ಷಾಪಿನ ಮೆಟ್ಟಿಲು ಹತ್ತಗೊಡಲಿಲ್ಲ.

ಹುಡುಗ ಓದಿದ, ಸಾಫ್ಟ್‌ವೇರ್ ಎಂಜಿನಿಯರನಾದ, ವಿದೇಶಕ್ಕೆ ಹೋದ. ನನ್ನ ಉಪದೇಶ ಫಲಿಸಿತೆಂದು ಎಷ್ಟೋ ಸಭೆಗಳಲ್ಲಿ ಹೇಳಿಕೊಂಡು ತಿರುಗಿದ್ದೇನೆ. ಮೊನ್ನೆ ನಾನು, “ಕಿಟ್ ಕಾರೆಂದರೆ ತಾನೇ ಕಟ್ಟುವುದಲ್ಲವೇ? ಕಟ್ಟಿ ಮುಗಿಸಿದ್ದನ್ನು ಏಕೆ ಕೊಳ್ಳುತ್ತೀಯೆ?” ಎಂದು ಕೇಳಿದಾಗ ಅವನು ಯಾವ ಕಹಿಯೂ ಇಲ್ಲದೆ ಹೇಳಿದ: “ಕಟ್ಟುವ ಆಸೆಯೇ ಇತ್ತು ಮೇಷ್ಟ್ರೇ. ಕೈಗೆ ಅಭ್ಯಾಸವಿಲ್ಲ. ಐವತ್ತು ದಾಟಿದ ಮೇಲೆ ಧೈರ್ಯವೂ ಇಲ್ಲ.” ಅಲ್ಲೊಬ್ಬರು ಶಾಲೆಯಲ್ಲಿ ಗುಜರಿ ಕಬ್ಬಿಣದಿಂದ ಕಾರು ಹುಟ್ಟಿಸಿದರು. ಇಲ್ಲಿ ನಾನು ಒಂದು ಡೈನಮೋಗಾಗಿ ಹುಡುಗನ ಕೈ ಕಟ್ಟಿದೆ. ಅವನಿಗೆ ಸರಿಯಾದ ಸಲಹೆ ಕೊಡಬೇಕಾದ ಋಣ ನನ್ನ ಮೇಲಿತ್ತು.

ಅವನ ಕೈಯಲ್ಲಿದ್ದುದು ಆರು ಸಾವಿರ ಪೌಂಡು. ಆ ಮೊತ್ತಕ್ಕೆ ಕೇಟರ್‌ಹ್ಯಾಮ್ ಸಿಗುವುದಿಲ್ಲ. ಅದು ಹಳೆಯದಾದರೂ ಬೆಲೆ ಇಳಿಸಿಕೊಳ್ಳದ ಕಾರು. ಆದರೆ ಅದೇ ರೂಪದ, ಅಷ್ಟು ಹೆಸರಿಲ್ಲದ ಕಾರುಗಳು ಸಿಗುತ್ತವೆ. ಬಡವನ ಪಾಲಿಗೆ ಒಂದು ಅನುಕೂಲವೂ ಉಂಟು: ಇಂಥ ಕಾರನ್ನು ಕಟ್ಟಿದವನು ಮಾರಲು ಹೊರಟರೆ ಸಾಮಾನ್ಯವಾಗಿ ಬಿಡಿಭಾಗಗಳಿಗೆ ಹಾಕಿದ ಹಣವೂ ಪೂರ್ತಿ ಹಿಂದಿರುಗುವುದಿಲ್ಲ, ಅವನ ದುಡಿಮೆಗಂತೂ ಬೆಲೆಯೇ ಇಲ್ಲ. ಕೊಳ್ಳುವವನಿಗೆ ಇನ್ನೊಬ್ಬನ ನೂರಾರು ಸಂಜೆಗಳು ಪುಕ್ಕಟೆಯಾಗಿ ದೊರೆಯುತ್ತವೆ. ಆದರೆ ಆ ಸಂಜೆಗಳು ಎಂಥವು ಎಂಬುದೇ ಪ್ರಶ್ನೆ. ಕಾರ್ಖಾನೆಯಿಂದ ಬಂದ ಒಂದೇ ಮಾದರಿಯ ಎರಡು ಕಾರುಗಳು ಒಂದೇ ತೆರನಾಗಿರುತ್ತವೆ. ಮನೆಯಲ್ಲಿ ಕಟ್ಟಿದ ಒಂದೇ ಕಿಟ್ಟಿನ ಎರಡು ಕಾರುಗಳ ನಡುವೆ ಅಜಗಜಾಂತರವಿರಬಹುದು. ನಮ್ಮ ಹಿರಿಯರು ಎತ್ತಿನ ಗಾಡಿ ಕೊಳ್ಳುವಾಗ ಮೊದಲು ಕೇಳುತ್ತಿದ್ದುದು, “ಯಾವ ಆಚಾರಿ ಮಾಡಿದ್ದು?” ಎಂದೇ ಅಲ್ಲವೇ?

ಸರ್ಕಾರವೂ ಈ ವಿಷಯದಲ್ಲಿ ಕಣ್ಣುಮುಚ್ಚಿ ಕುಳಿತಿಲ್ಲ. 1998ರಲ್ಲಿ ಮನೆಯಲ್ಲಿ ಕಟ್ಟಿದ ಒಂದೊಂದು ಕಾರನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವ ನಿಯಮ ಬಂತು. 2009ರಲ್ಲಿ ಇನ್ನಷ್ಟು ಬಿಗಿಯಾದ ಪರೀಕ್ಷೆ ಅದರ ಸ್ಥಾನಕ್ಕೆ ಬಂತು. ಬ್ರೇಕು, ಸೀಟ್ ಬೆಲ್ಟು, ಹೊಗೆ, ಸದ್ದು, ಕೊನೆಗೆ ಚೂಪಾದ ಅಂಚುಗಳನ್ನೂ ಪರೀಕ್ಷಕರು ನೋಡುತ್ತಾರೆ. ಆದರೆ ಆ ಪರೀಕ್ಷೆ ಒಂದು ದಿನದ್ದು. ಪರೀಕ್ಷೆಗೆಂದು ಹಾಕಿದ ರಕ್ಷಣೆಯ ಭಾಗಗಳನ್ನು ಮಾರನೆಯ ದಿನ ಕಿತ್ತುಹಾಕುವವರೂ ಇದ್ದಾರೆ. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಓದುವ ವಿದ್ಯಾರ್ಥಿಗಳನ್ನು ನಾನು ಕಾಣದವನೇ?

ಅವನು ನೋಡಿಟ್ಟಿದ್ದ ಎರಡು ಕಾರುಗಳಲ್ಲಿ ಮೊದಲನೆಯದು ಕಡುಕೆಂಪು. ಅಗಲ ಚಕ್ರ, ಕನ್ನಡಿಯಂತೆ ಹೊಳೆಯುವ ಮೈ. ನಾಲ್ಕು ಕೈ ಬದಲಾಗಿತ್ತು. ಕಟ್ಟಿದವರು ಯಾರೆಂದು ಮಾರುವವನಿಗೇ ತಿಳಿಯದು. ಎರಡನೆಯದು ಬಣ್ಣವಿಲ್ಲದ ಅಲ್ಯೂಮಿನಿಯಮ್ ಮೈಯದು. ಮುಂದಿನ ಮಡ್‌ಗಾರ್ಡಿನಲ್ಲಿ ಒಂದು ತಗ್ಗು. ಕಟ್ಟಿದವರು ನಿವೃತ್ತ ಅಂಚೆ ನೌಕರರು. ಆರು ವರ್ಷ ಕಟ್ಟಿ, ಹತ್ತು ವರ್ಷ ಓಡಿಸಿ, ಈಗ ಮೊಣಕಾಲು ನೋವಿನಿಂದ ಅಷ್ಟು ತಗ್ಗಿನ ಕಾರಿಗೆ ಇಳಿದು ಕೂರಲಾಗದೆ ಮಾರಲು ಹೊರಟಿದ್ದರು. ಅವರ ಬಳಿ ದಪ್ಪನೆಯ ಕಡತವೊಂದಿತ್ತು. ರಸೀತಿಗಳು, ಹಂತಹಂತದ ಫೋಟೋಗಳು, ಸರ್ಕಾರಿ ಪರೀಕ್ಷೆಯ ಪ್ರಮಾಣಪತ್ರ. ಜೊತೆಗೊಂದು ನೋಟ್‌ಬುಕ್ಕು. ಒಂದು ಬೆಸುಗೆ ಸರಿಯಾಗಲಿಲ್ಲವೆಂದು ಕತ್ತರಿಸಿ ಮತ್ತೆ ಮಾಡಿದ್ದು, ಬ್ರೇಕಿನ ಕೊಳವೆಯನ್ನು ಮೊದಲು ತಪ್ಪು ದಾರಿಯಲ್ಲಿ ಎಳೆದು ಆಮೇಲೆ ಬದಲಿಸಿದ್ದು, ಎಲ್ಲವನ್ನೂ ಅವರು ಅದರಲ್ಲಿ ಬರೆದಿಟ್ಟಿದ್ದರು.

“ಇಷ್ಟೊಂದು ತಪ್ಪು ಮಾಡಿದವರ ಕಾರು ಕೊಳ್ಳಬಹುದೇ ಮೇಷ್ಟ್ರೇ?”

ನಾನೆಂದೆ: “ಉತ್ತರ ಪತ್ರಿಕೆ ತಿದ್ದುವಾಗ ನಾನು ಅಂಚಿನ ಕಚ್ಚಾ ಕೆಲಸವನ್ನು ನೋಡುತ್ತಿದ್ದೆ. ಅದಿಲ್ಲದ ಸ್ವಚ್ಛವಾದ ಉತ್ತರವನ್ನು ಕಂಡರೆ ನನಗೆ ಸಂಶಯ. ತನ್ನ ತಪ್ಪನ್ನು ಬರೆದಿಟ್ಟವನು ಅದನ್ನು ತಿದ್ದಿರುತ್ತಾನೆ. ಕಾರನ್ನು ನೋಡಬೇಡ, ಕಟ್ಟಿದವನನ್ನು ನೋಡು. ಆದರೆ ಕಡತವನ್ನು ನಂಬಿಯೇ ಹಣ ಕೊಡಬೇಡ. ನೋಂದಣಿ ಪತ್ರದಲ್ಲಿ ಇರುವ ಹೆಸರೂ, ಚೌಕಟ್ಟಿನ ಮೇಲಿನ ಸಂಖ್ಯೆಯೂ ತಾಳೆಯಾಗುತ್ತವೆಯೇ ನೋಡು. ದಾನಿ ಕಾರಿನ ಬಿಡಿಭಾಗ ಈಗಲೂ ಸಿಗುತ್ತದೆಯೇ ವಿಚಾರಿಸು. ಕೂತು ನೋಡು, ಪಾದ ಪೆಡಲುಗಳ ನಡುವೆ ಸಿಕ್ಕಿಕೊಳ್ಳಬಾರದು. ಕೂಲಿ ಕೊಟ್ಟು ಒಬ್ಬ ಮೆಕ್ಯಾನಿಕ್ಕನಿಂದ ಕಾರನ್ನು ಮೇಲೆತ್ತಿಸಿ ಕೆಳಗಿನಿಂದ ತೋರಿಸು.” ಇವೆಲ್ಲ ನಾನು ಎರಡು ವಾರಗಳಲ್ಲಿ ಓದಿ ಕಲಿತದ್ದು. ಹೇಳುವಾಗ ಮಾತ್ರ ಹುಟ್ಟಿನಿಂದ ಬಲ್ಲವನಂತೆ ಹೇಳಿದೆ. ಮೇಷ್ಟ್ರುಗಳ ಹಳೆಯ ಚಾಳಿ.

ಹಾಗೆಯೇ ಮಾಡಿದನಂತೆ. ಮೆಕ್ಯಾನಿಕ್ ಕಾರನ್ನು ಎತ್ತಿ ನೋಡಿ, ಮುಂಚಕ್ರದ ಬಳಿಯ ಒಂದು ಕೀಲು ಸವೆದಿದೆಯೆಂದ. ಆ ವೃದ್ಧರು ಚಕಾರವೆತ್ತದೆ ಅದರ ಬೆಲೆಯನ್ನು ಇಳಿಸಿಕೊಂಡರು. ಬಣ್ಣವಿಲ್ಲದ ಕಾರು ನನ್ನ ಶಿಷ್ಯನ ಮನೆಗೆ ಬಂದಿತು. ಕೀಲು ಬದಲಿಸುವುದಕ್ಕೆ ಗ್ಯಾರೇಜಿಗೆ ಹೋಗುವುದು ಬೇಡ, ತಾವೇ ಹೇಳಿಕೊಡುತ್ತೇವೆಂದು ಆ ವೃದ್ಧರು ಒಂದು ಭಾನುವಾರ ಬಂದು, ಕುರ್ಚಿ ಹಾಕಿಕೊಂಡು ಕುಳಿತು, ಇವನ ಕೈಯಿಂದಲೇ ಆ ಕೆಲಸ ಮಾಡಿಸಿದರಂತೆ.

ಆ ಸಂಜೆ ಅವನು ಕಳುಹಿಸಿದ ಫೋಟೋದಲ್ಲಿ ಕಾರು ಇರಲಿಲ್ಲ. ಗ್ರೀಸು ಮೆತ್ತಿ ಕಪ್ಪಾದ ಎರಡು ಅಂಗೈಗಳಿದ್ದುವು. ಬಹಳ ಹೊತ್ತು ನೋಡಿದೆ. ಫೋನ್ ಮಾಡಿ, 1986ರ ಆ ಮಧ್ಯಾಹ್ನದ ವಿಷಯ ಎತ್ತಿ, “ಅಂದು ನಾನು ಮಾಡಿದ್ದು ತಪ್ಪು ಮಗೂ” ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ. ಆಮೇಲೆ ಅವನು ಬೇರೆಯೇ ಮಾತಾಡಿದ. ತೀರಿಕೊಂಡ ತಂದೆಯ ಸ್ಪ್ಯಾನರುಗಳ ತಗಡಿನ ಪೆಟ್ಟಿಗೆ ಇನ್ನೂ ಊರ ಮನೆಯ ಅಟ್ಟದ ಮೇಲೆ ಇದೆಯಂತೆ. ಮುಂದಿನ ಸಲ ಬಂದಾಗ ಅದನ್ನು ಕೊಂಡೊಯ್ಯುತ್ತಾನಂತೆ.

“ಸೈಕಲ್ಲಿನ ಸ್ಪ್ಯಾನರು ಕಾರಿಗೆ ಹೊಂದುತ್ತವೆಯೇ?” ಎಂದೆ.

“ಹೊಂದುವುದಿಲ್ಲ ಮೇಷ್ಟ್ರೇ” ಎಂದ. “ಆದರೂ ಇರಲಿ.”