ಚೆಂಡಾಟದ ಹುಲ್ಲಿಗೆ ಬಿದ್ದ ಗೊಣ್ಣೆಹುಳು



ಉಳುವಾಗ ನೇಗಿಲ ಸಾಲಿನಲ್ಲಿ ಮೇಲೆ ಬರುವ, ಬೆಳ್ಳಗೆ ದಪ್ಪಗೆ ಬಿಲ್ಲಿನಂತೆ ಬಾಗಿ ಮಲಗಿರುವ ಗೊಣ್ಣೆಹುಳುವನ್ನು ಕಾಣದವರು ನಿಮ್ಮಲ್ಲಿ ಇರಲಾರರು. ಕಬ್ಬಾಗಲಿ, ಶೇಂಗಾ ಆಗಲಿ, ಅಡಿಕೆಯಾಗಲಿ, ಬೇರು ಸಿಕ್ಕಿದರೆ ಅದು ಬಿಡುವುದಿಲ್ಲ. ಇದರ ದಾಯಾದಿ ಹುಳುವೊಂದು ಅಮೆರಿಕ ದೇಶದಲ್ಲಿ ಗಾಲ್ಫ್ ಎಂಬ ಚೆಂಡಾಟದ ಬಯಲುಗಳಿಗೆ ಬಿದ್ದು, ಅಲ್ಲಿನವರನ್ನು ಹಲವು ದಶಕ ಕಾಡಿಸಿದ ಚರಿತ್ರೆಯನ್ನು ಈ ಹೊತ್ತು ಹೇಳುತ್ತೇನೆ.

ಆಟದ ಬಯಲಿಗೂ ನಮ್ಮ ಹೊಲಕ್ಕೂ ಏನು ಸಂಬಂಧ ಅಂತೀರಾ? ಆ ಬಯಲಿನವರಿಗೆ ಹುಲ್ಲೇ ಬೆಳೆ. ನಾವು ಕಳೆ ಎಂದು ಕಿತ್ತು ಬದುವಿಗೆ ಎಸೆಯುವ ಗರಿಕೆಯನ್ನೇ ನಮ್ಮ ಕಡೆಯ ಆಟದ ಬಯಲುಗಳಲ್ಲಿ ನೀರೆರೆದು, ಗೊಬ್ಬರ ಹಾಕಿ, ಕತ್ತರಿಸಿ ಸಾಕುತ್ತಾರೆ. ಅಮೆರಿಕದ ಚಳಿ ಸೀಮೆಗೆ ಬೇರೆ ನಯವಾದ ಹುಲ್ಲುಗಳುಂಟು. ಯಾವ ಹುಲ್ಲಾದರೂ ಬೇರು ಹೋದರೆ ಗತಿ ಒಂದೇ.

1916ನೆಯ ಇಸವಿ. ನ್ಯೂಜೆರ್ಸಿ ಪ್ರಾಂತದ ರಿವರ್ಟನ್ ಊರಿನ ಹತ್ತಿರ ಒಂದು ಸಸ್ಯತೋಟದಲ್ಲಿ ಹಸಿರು ಮೈ, ತಾಮ್ರದ ಬಣ್ಣದ ರೆಕ್ಕೆಯ ದುಂಬಿಗಳು ಕಂಡವು. ಎಷ್ಟು? ಹೆಚ್ಚು ಕಡಿಮೆ ಒಂದು ಡಜನ್. ಅವು ಜಪಾನಿನವು. ಹೂವಿನ ಗಿಡದ ಬೇರಿಗೆ ಅಂಟಿದ ಮಣ್ಣಿನಲ್ಲಿ ಮರಿಹುಳುವಾಗಿ ಹಡಗಿನಲ್ಲಿ ಬಂದಿರಬೇಕೆಂದು ತಜ್ಞರ ಎಣಿಕೆ. ಹೊರದೇಶದ ಗಿಡಗಳನ್ನು ತಪಾಸಣೆ ಮಾಡುವ ಕಾನೂನು ಅಲ್ಲಿ ಬಂದದ್ದು 1912ರಲ್ಲಿ. ದುಂಬಿ ಅದಕ್ಕೂ ಮೊದಲೇ ಒಳಗೆ ಸೇರಿತ್ತು ಎನ್ನುತ್ತಾರೆ. ಜಪಾನಿನಲ್ಲಿ ಅದನ್ನು ಹಿಡಿದು ತಿನ್ನುವ ಶತ್ರುಗಳಿದ್ದುವು, ಅಲ್ಲಿ ಅದರ ಹಾವಳಿ ಅಷ್ಟಕ್ಕಷ್ಟೆ. ಅಮೆರಿಕದಲ್ಲಿ ಕೇಳುವವರೇ ಇರಲಿಲ್ಲ. ಕೆಲವೇ ವರ್ಷದಲ್ಲಿ ಪೀಚ್, ಸೇಬು, ಗುಲಾಬಿ, ಮುಸುಕಿನ ಜೋಳದ ರೇಷ್ಮೆ, ಸಿಕ್ಕಿದ್ದನ್ನೆಲ್ಲ ಮೇಯತೊಡಗಿತು.

ದುಂಬಿ ಎಲೆಯನ್ನು ತಿಂದರೆ ಅದರ ಮರಿ ಬೇರನ್ನು ತಿನ್ನುತ್ತದೆ. ಬೇಸಗೆಯ ನಡುವಿನಲ್ಲಿ ಹೆಣ್ಣು ದುಂಬಿ ಮೊಟ್ಟೆ ಇಡಲು ತೇವದ ನೆಲವನ್ನು, ಗಿಡ್ಡ ಹುಲ್ಲನ್ನು ಹುಡುಕುತ್ತದೆ. ಸುತ್ತಲಿನ ನೆಲವೆಲ್ಲ ಒಣಗಿರುವಾಗ ದಿನವೂ ನೀರು ಹಾಯಿಸಿದ ಗಾಲ್ಫ್ ಬಯಲು ಸಿಕ್ಕಿದರೆ ಬಿಡುತ್ತದೆಯೆ? ಫಿಲಡೆಲ್ಫಿಯ ಪಟ್ಟಣದ ಸುತ್ತಮುತ್ತಲ ಬಯಲುಗಳಲ್ಲಿ ಹುಲ್ಲು ಕಂದು ತಿರುಗಿತು. ಕೈಯಿಂದ ಹಿಡಿದೆಳೆದರೆ ಚಾಪೆ ಸುತ್ತಿದಂತೆ ಎದ್ದು ಬರುತ್ತಿತ್ತು, ಏಕೆಂದರೆ ಕೆಳಗೆ ಬೇರೇ ಇಲ್ಲ. ಹುಳು ತಿನ್ನಲು ಬಂದ ಕಾಗೆಗಳೂ ಕಾಡುಪ್ರಾಣಿಗಳೂ ಉಳಿದದ್ದನ್ನು ಕೆದಕಿ ಹಾಕಿದುವು.

1920ರ ದಶಕದಲ್ಲಿ ಅಲ್ಲಿನ ಕೃಷಿ ಇಲಾಖೆಯವರು ಸೀಸ ಮತ್ತು ಪಾಷಾಣ ಕೂಡಿದ ಲೆಡ್ ಆರ್ಸೆನೇಟ್ ಪುಡಿಯನ್ನು ಹುಲ್ಲುನೆಲಕ್ಕೆ ಸೇರಿಸುವ ಕ್ರಮ ತೋರಿಸಿದರು. ಹುಳು ಸತ್ತುವು, ಹುಲ್ಲು ಚಿಗುರಿತು. ಒಮ್ಮೆ ಹಾಕಿದರೆ ಕೆಲವು ವರ್ಷ ಮತ್ತೆ ಹುಳು ಸೇರದು ಎಂದು ಸಂತೋಷವೋ ಸಂತೋಷ. ಎರೆಹುಳುಗಳೂ ಸತ್ತುವು. ಅದೂ ಅವರಿಗೆ ಲಾಭವಾಗಿಯೇ ಕಂಡಿತು! ಎರೆಹುಳು ಮೇಲೆ ಹಾಕುವ ಮಣ್ಣಿನ ಗುಪ್ಪೆಗಳಿಂದ ಚೆಂಡು ಸರಿಯಾಗಿ ಉರುಳುವುದಿಲ್ಲವಂತೆ. ನಮ್ಮಂಥವರಿಗೆ ಇದು ಸೋಜಿಗ. ಆದರೆ ಎರೆಹುಳು ಹೋದ ಮೇಲೆ ಸತ್ತ ಹುಲ್ಲು ಕೊಳೆಯದೆ ಬುಡದಲ್ಲಿ ಮೆತ್ತೆಯಾಗಿ ಕೂತು, ನೀರು ಇಂಗುವುದು ಕಷ್ಟವಾಗುತ್ತದೆ. ಸೀಸ, ಪಾಷಾಣ ಎರಡೂ ಮಣ್ಣಿನಿಂದ ಹೋಗುವ ವಸ್ತುಗಳಲ್ಲ. ಆ ಪುಡಿ ಹೊಡೆದ ಹಳೆಯ ಹಣ್ಣಿನ ತೋಟಗಳ ನೆಲದಲ್ಲಿ ಇವತ್ತಿಗೂ ವಿಷ ಸಿಗುತ್ತದೆ.

ಇಷ್ಟರಲ್ಲಿ ಇನ್ನೊಂದು ಸಂಗತಿ ನಡೆಯಿತು. 1933ರಲ್ಲಿ ನ್ಯೂಜೆರ್ಸಿಯ ಹೊಲಗಳಲ್ಲಿ ಕೆಲವು ಮರಿಹುಳುಗಳು ಹಾಲಿನಂತೆ ಬಿಳಿಚಿಕೊಂಡಿದ್ದುದು ತಜ್ಞರ ಕಣ್ಣಿಗೆ ಬಿತ್ತು. ಗಟ್ಟಿಮುಟ್ಟಾದ ಹುಳುವಿನ ಕಾಲು ಮುರಿದರೆ ತಿಳಿಯಾದ ಹನಿ ಬರುತ್ತದೆ. ಇವುಗಳಿಂದ ಹಾಲಿನಂಥ ಹನಿ ಬಂತು. ಅದು ಹುಳುವಿಗೆ ತಗಲಿದ ರೋಗ. ಒಂದು ಸೂಕ್ಷ್ಮಜೀವಿ ಹುಳುವಿನ ರಕ್ತದಲ್ಲಿ ಕೋಟಿಗಟ್ಟಲೆ ಬೀಜಕಣಗಳಾಗಿ ತುಂಬಿಕೊಳ್ಳುತ್ತದೆ. ಹುಳು ಸತ್ತು ಮಣ್ಣು ಪಾಲಾದರೆ ಬೀಜಕಣಗಳು ಅಲ್ಲೇ ಕಾದಿರುತ್ತವೆ, ಬೇರಿನ ಜೊತೆ ಅವನ್ನು ತಿಂದ ಮುಂದಿನ ಹುಳುವಿಗೂ ಅದೇ ಗತಿ. 1940ರಲ್ಲಿ ಡಟ್ಕಿ ಎಂಬ ತಜ್ಞರು ಅದಕ್ಕೆ ಬ್ಯಾಸಿಲಸ್ ಪೊಪಿಲ್ಲಿಯೆ ಎಂದು ಹೆಸರಿಟ್ಟರು.

ಈ ಜೀವಿಯನ್ನು ಬುಡ್ಡಿಯಲ್ಲಿ ಬೆಳೆಸೋಣವೆಂದರೆ ಬೀಜಕಣ ಸಾಕಷ್ಟು ಕಟ್ಟಲಿಲ್ಲ. ಆದುದರಿಂದ ಜೀವಂತ ಹುಳುಗಳನ್ನು ರಾಶಿಗಟ್ಟಲೆ ಅಗೆದು ತಂದು, ಒಂದೊಂದಕ್ಕೂ ಸೂಜಿಯಿಂದ ರೋಗ ಚುಚ್ಚಿ, ಅವು ಬಿಳಿಚಿಕೊಂಡ ಮೇಲೆ ಅರೆದು, ಸುಣ್ಣದ ಕಲ್ಲಿನಂಥ ಪುಡಿಯಲ್ಲಿ ಬೆರೆಸಿದರು. ಎಂಥ ತಾಳ್ಮೆಯ ಕೆಲಸ ನೋಡಿ! ಹುಲ್ಲಿನ ಮೇಲೆ ಹತ್ತು ಅಡಿಗೊಂದರಂತೆ ಚಮಚದಷ್ಟು ಪುಡಿ ಇಟ್ಟರೆ ಸಾಕು. 1939ರಿಂದ 1953ರ ತನಕ ಸರ್ಕಾರದವರು ಒಂದು ಲಕ್ಷಕ್ಕೂ ಹೆಚ್ಚು ಕಡೆ ಇದನ್ನು ಇಟ್ಟರು. ಫಲ ಕಾಣಲು ಎರಡು ಮೂರು ವರ್ಷ ಹಿಡಿಯಿತು. ನೆಲ ಬೆಚ್ಚಗಿದ್ದರೆ ಮಾತ್ರ ರೋಗ ಹರಡುತ್ತಿತ್ತು. ಮುಂದೆ ಕೆಲವು ಕಡೆಯ ಪರೀಕ್ಷೆಗಳಲ್ಲಿ ಫಲ ಕಾಣಲೂ ಇಲ್ಲ. ಆದರೆ ಹಕ್ಕಿ, ಎರೆಹುಳು, ದನಕರು ಯಾವುದಕ್ಕೂ ತೊಂದರೆಯಾಗಲಿಲ್ಲ.

ಅಷ್ಟು ಕಾಯುವ ಮನಸ್ಸು ಎಲ್ಲರಿಗೂ ಇರಲಿಲ್ಲ. ಎರಡನೆಯ ಮಹಾಯುದ್ಧ ಮುಗಿಯುತ್ತಲೇ ಕ್ಲೋರ್ಡೇನ್, ಡೀಲ್ಡ್ರಿನ್ ಮುಂತಾದ ಹೊಸ ಔಷಧಗಳು ಬಂದುವು. 1954ರಲ್ಲಿ ಇಲಿನಾಯ್ ಪ್ರಾಂತದ ಶೆಲ್ಡನ್ ಊರಿನ ಸುತ್ತ ಇದೇ ದುಂಬಿಗಾಗಿ ವಿಮಾನದಿಂದ ಡೀಲ್ಡ್ರಿನ್ ಸುರಿದರು, ಎಕರೆಗೆ ಮೂರು ಪೌಂಡಿನಂತೆ. ವಿಷ ತಗಲಿದ ಎರೆಹುಳು ತಿಂದು ರಾಬಿನ್ ಹಕ್ಕಿಗಳು ಹೆಚ್ಚು ಕಡಿಮೆ ನಿರ್ನಾಮವಾದುವು. ಮೊದಲ ವರ್ಷವೇ ರೈತರ ಮನೆಯ ಬೆಕ್ಕುಗಳು ನೂರಕ್ಕೆ ತೊಂಬತ್ತು ಸತ್ತುವು. ರೇಚೆಲ್ ಕಾರ್ಸನ್ ಎಂಬ ವಿಜ್ಞಾನಿ ತಾಯಿ 1962ರ ತಮ್ಮ ಪುಸ್ತಕದಲ್ಲಿ ಇದನ್ನೆಲ್ಲ ಬರೆದು, ಹಾಲುರೋಗದ ಪುಡಿ ಇರುವಾಗ ಈ ಅನಾಹುತ ಏಕೆ ಎಂದು ಕೇಳಿದರು. ಮುಂದೆ ಹುಳುಗಳೂ ಆ ಔಷಧಗಳನ್ನು ಅರಗಿಸಿಕೊಳ್ಳುವುದನ್ನು ಕಲಿತುವು. ಅಮೆರಿಕದಲ್ಲಿ ಕ್ಲೋರ್ಡೇನ್ ಮಾರಾಟ 1988ರಲ್ಲಿ ನಿಂತಿತು. ದುಂಬಿ ಮಾತ್ರ ನಿಂತಿಲ್ಲ. 2014ರಲ್ಲಿ ಇಟಲಿ ದೇಶಕ್ಕೂ ಕಾಲಿಟ್ಟಿತು.

ಇನ್ನು ನಮ್ಮ ಮಾತು. ಆ ಹಾಲುರೋಗದ ಪುಡಿ ಅವರ ಹುಳುವಿಗೆ ಹೊಂದಿದ್ದು, ನಮ್ಮ ಗೊಣ್ಣೆಹುಳುವಿಗೆ ಅದನ್ನು ತರಿಸಿ ಹಾಕಿ ಫಲವಿಲ್ಲ. ನಮ್ಮ ಹುಳುವಿಗೆ ಬೇರೆ ರೋಗಗಳಿವೆ. ಮೆಟಾರೈಜಿಯಂ ಎಂಬ ಹಸಿರು ಬೂಷ್ಟು ಒಂದು. ಹುಳುವಿನೊಳಗೆ ಹೊಕ್ಕು ಕೊಲ್ಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳು ಇನ್ನೊಂದು. ಬೂಷ್ಟನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆಲ ಹಸಿಯಿರುವಾಗ, ಹುಳು ಇನ್ನೂ ಎಳೆಯದಿರುವಾಗ ಬೇರಿನ ಹತ್ತಿರ ಮಣ್ಣಿಗೆ ಸೇರಿಸಬೇಕು. ಒಣ ನೆಲದ ಮೇಲೆ ಬಿಸಿಲಿಗೆ ಚೆಲ್ಲಿದರೆ ದುಡ್ಡು ದಂಡ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ದುಂಬಿಗಳು ನೆಲದಿಂದೆದ್ದು ಬೇವು ಮುಂತಾದ ಮರಗಳಿಗೆ ಮುತ್ತುತ್ತವೆ. ಕತ್ತಲಾದ ಮೇಲೆ ಕೊಂಬೆ ಅಲ್ಲಾಡಿಸಿ, ಬಿದ್ದವನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿರಿ. ಒಬ್ಬರೇ ಮಾಡಿದರೆ ಪಕ್ಕದ ಹೊಲದ ದುಂಬಿ ಬಂದು ಮೊಟ್ಟೆ ಇಡುತ್ತದೆ. ಊರಿನವರೆಲ್ಲ ಒಂದೇ ವಾರ ಕೈಹಾಕಬೇಕು.