ಹಿರಿಯ ಪ್ರಾಥಮಿಕ ಹಂತದ ಕೊನೆಯ ವರ್ಷ: ಪೋಷಕರು ತಿಳಿದಿರಬೇಕಾದ ಅಂಶಗಳು

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಪೋಷಕರ ಮಾಹಿತಿಗಾಗಿ)

1. ಪೀಠಿಕೆ

ಮೈಸೂರು ಸೀಮೆಯ ಹಿರಿಯರು ಮಿಡ್ಲ್ ಸ್ಕೂಲ್ ಎಂದು ಕರೆಯುತ್ತಿದ್ದ ಹಂತವು ಈಗ ಹಿರಿಯ ಪ್ರಾಥಮಿಕ ಹಂತವಾಗಿದೆ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ ಪ್ರಕಾರ ಪ್ರಾಥಮಿಕ ಶಿಕ್ಷಣವು 1ನೇ ತರಗತಿಯಿಂದ 8ನೇ ತರಗತಿಯವರೆಗೆ ಇರುತ್ತದೆ. ಈ ಅಧಿನಿಯಮವು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ನಮ್ಮ ಅನೇಕ ಗ್ರಾಮಗಳ ಶಾಲೆಗಳು 7ನೇ ತರಗತಿಗೆ ಮುಗಿಯುತ್ತವೆ. ಅಲ್ಲಿನ ಮಕ್ಕಳು 8ನೇ ತರಗತಿಗೆ ಬೇರೆ ಊರಿನ ಪ್ರೌಢಶಾಲೆಗೆ ಹೋಗಬೇಕಾಗುತ್ತದೆ. 8ನೇ ತರಗತಿ ಇರುವ ಹಿರಿಯ ಪ್ರಾಥಮಿಕ ಶಾಲೆಗಳ ಮಕ್ಕಳು 9ನೇ ತರಗತಿಗೆ ಶಾಲೆ ಬದಲಿಸುತ್ತಾರೆ.

ಆದ್ದರಿಂದ ಪೋಷಕರು ಮೊದಲು ಖಚಿತಪಡಿಸಿಕೊಳ್ಳಬೇಕಾದ ವಿಷಯವೆಂದರೆ, ತಮ್ಮ ಮಗು ಯಾವ ತರಗತಿಯ ನಂತರ ಶಾಲೆ ಬದಲಿಸಬೇಕಾಗಿದೆ ಎಂಬುದು. ಮಕ್ಕಳು ಸದ್ದಿಲ್ಲದೆ ಶಾಲೆ ಬಿಡುವ ಸಂಭವ ಹೆಚ್ಚಿರುವುದು ಈ ಬದಲಾವಣೆಯ ಕಾಲದಲ್ಲಿಯೇ.

2. ತೇರ್ಗಡೆಯೇ ಕಲಿಕೆಯಲ್ಲ

ಹಿಂದೆ 7ನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇದ್ದುದು ಹಲವು ಪೋಷಕರ ನೆನಪಿನಲ್ಲಿದೆ. ಅದರಲ್ಲಿ ಅನುತ್ತೀರ್ಣನಾದ ವಿದ್ಯಾರ್ಥಿಯ ಹಿಂದುಳಿಯುವಿಕೆ ಊರಿಗೇ ತಿಳಿಯುತ್ತಿತ್ತು. ಈಗ ವ್ಯವಸ್ಥೆ ಬೇರೆಯಾಗಿದೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಪದ್ಧತಿಯಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಹಾಗೂ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ಪ್ರಗತಿ ಪತ್ರದಲ್ಲಿ ಶ್ರೇಣಿಯನ್ನು ನಮೂದಿಸಲಾಗುತ್ತದೆ.

2019ರ ತಿದ್ದುಪಡಿಯು 5 ಮತ್ತು 8ನೇ ತರಗತಿಯ ಕೊನೆಯಲ್ಲಿ ನಿಯತ ಪರೀಕ್ಷೆ ನಡೆಸಿ, ಅನುತ್ತೀರ್ಣರಾದ ಮಕ್ಕಳಿಗೆ ಎರಡು ತಿಂಗಳೊಳಗೆ ಮರುಪರೀಕ್ಷೆಯ ಅವಕಾಶ ನೀಡಲು, ನಂತರವೂ ಅನುತ್ತೀರ್ಣರಾದಲ್ಲಿ ಅದೇ ತರಗತಿಯಲ್ಲಿ ಉಳಿಸುವ ಬಗ್ಗೆ ತೀರ್ಮಾನಿಸಲು ಸರ್ಕಾರಗಳಿಗೆ ಅವಕಾಶ ನೀಡಿದೆ. ಕರ್ನಾಟಕದಲ್ಲಿ 2022-23 ಮತ್ತು 2023-24ನೇ ಸಾಲಿನಲ್ಲಿ 8ನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆದಿತ್ತು. ವಿಷಯವು ನ್ಯಾಯಾಲಯದ ಮೆಟ್ಟಿಲೇರಿ, 2024ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಫಲಿತಾಂಶ ಪ್ರಕಟಣೆಗೆ ತಡೆ ನೀಡಿತು. ಹೀಗಾಗಿ ಪರೀಕ್ಷೆಯ ಬಗ್ಗೆ ಹಳೆಯ ಸುದ್ದಿಯನ್ನಾಗಲಿ, ಮೊಬೈಲ್‌ನಲ್ಲಿ ಬರುವ ಸಂದೇಶಗಳನ್ನಾಗಲಿ ನಂಬದೆ, ಆಯಾ ವರ್ಷದ ಸುತ್ತೋಲೆಯನ್ನು ಮುಖ್ಯ ಶಿಕ್ಷಕರಿಂದ ತಿಳಿದುಕೊಳ್ಳತಕ್ಕದ್ದು. ಯಾವುದೇ ಸಂದರ್ಭದಲ್ಲಿ, ಪ್ರಾಥಮಿಕ ಶಿಕ್ಷಣ ಪೂರ್ಣಗೊಳ್ಳುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ.

ಪೋಷಕರು ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಮಗು ಮುಂದಿನ ತರಗತಿಗೆ ಹೋದ ಮಾತ್ರಕ್ಕೆ ಆ ತರಗತಿಗೆ ಬೇಕಾದ ಕಲಿಕೆ ಆಗಿದೆ ಎಂದು ಭಾವಿಸಬಾರದು. ಈ ಹಂತದಲ್ಲಿ ಉಳಿದ ಕೊರತೆ 9ನೇ ತರಗತಿಯಲ್ಲಿ ಹೊರೆಯಾಗಿ, ಎಸ್.ಎಸ್.ಎಲ್.ಸಿ.ಯಲ್ಲಿ ಬಯಲಾಗುತ್ತದೆ. ಆಗ ಸರಿಪಡಿಸಲು ಸಮಯ ಉಳಿದಿರುವುದಿಲ್ಲ.

3. ವರ್ಷಾಂತ್ಯಕ್ಕೆ ಮಗುವಿನಿಂದ ನಿರೀಕ್ಷಿಸುವ ಕಲಿಕೆ

8ನೇ ತರಗತಿಯಲ್ಲಿ ಮೂರು ಭಾಷೆಗಳು, ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನ ಸೇರಿ ಆರು ಮುಖ್ಯ ವಿಷಯಗಳಿರುತ್ತವೆ. ಪೋಷಕರು ಹೆಚ್ಚು ಓದಿದವರಲ್ಲದಿದ್ದರೂ ಮನೆಯಲ್ಲಿಯೇ ಕೆಳಕಂಡಂತೆ ಪರಿಶೀಲಿಸಬಹುದು.

(ಅ) ಕನ್ನಡ: ದಿನಪತ್ರಿಕೆಯ ಒಂದು ಸುದ್ದಿಯನ್ನು ತಡೆಯಿಲ್ಲದೆ ಓದಿ, ಅದರ ಸಾರವನ್ನು ಸ್ವಂತ ಮಾತಿನಲ್ಲಿ ಹೇಳಬೇಕು. ಗ್ರಾಮ ಪಂಚಾಯಿತಿಗೆ ಬೀದಿದೀಪದ ಬಗ್ಗೆ ಒಂದು ಮನವಿ ಪತ್ರವನ್ನು ಯಾರ ಸಹಾಯವೂ ಇಲ್ಲದೆ ಬರೆಯಬೇಕು.

(ಆ) ಇಂಗ್ಲಿಷ್: ಸರಳವಾದ ಹತ್ತು ಸಾಲುಗಳನ್ನು ಓದಿ, ಅರ್ಥವನ್ನು ಕನ್ನಡದಲ್ಲಿ ತಿಳಿಸಬೇಕು. ತನ್ನ ಹೆಸರು, ತಂದೆ ತಾಯಿಯ ಹೆಸರು ಹಾಗೂ ವಿಳಾಸವನ್ನು ತಪ್ಪಿಲ್ಲದೆ ಬರೆಯಬೇಕು.

(ಇ) ಗಣಿತ: ಭಿನ್ನರಾಶಿ, ಶೇಕಡಾವಾರು, ಬಡ್ಡಿ ಲೆಕ್ಕ ಮತ್ತು ಸರಳ ಸಮೀಕರಣ ತಿಳಿದಿರಬೇಕು. ಉದಾಹರಣೆಗೆ, 50 ಕೆ.ಜಿ. ತೂಕದ 12 ಚೀಲ ಆಲೂಗಡ್ಡೆಯನ್ನು ಕೆ.ಜಿ.ಗೆ 18 ರೂ.ನಂತೆ ಮಾರಿ, ಹಮಾಲಿ ಮತ್ತು ಸಾಗಣೆಗೆ ಶೇ. 5ರಷ್ಟು ಖರ್ಚಾದರೆ ಕೈಗೆ ಬರುವ ಹಣವೆಷ್ಟು ಎಂದು ಕೇಳಿರಿ. ಉತ್ತರ 10,260 ರೂ. ಮಗು ಉತ್ತರ ಹೇಳಿದರೆ ಸಾಲದು. ಅದು ಹೇಗೆ ಬಂತೆಂದು ವಿವರಿಸುವಂತಿರಬೇಕು.

(ಈ) ವಿಜ್ಞಾನ ಮತ್ತು ಸಮಾಜ ವಿಜ್ಞಾನ: ಆ ವಾರ ನಡೆದ ಒಂದು ಪಾಠವನ್ನು ಪುಸ್ತಕ ಮುಚ್ಚಿಟ್ಟು ಐದು ನಿಮಿಷ ವಿವರಿಸುವಂತಿರಬೇಕು.

ಮಗು ಇವುಗಳಲ್ಲಿ ತಡವರಿಸಿದಲ್ಲಿ ಗದರಿಸುವುದಾಗಲಿ, ಬೇರೆಯವರ ಮಕ್ಕಳೊಂದಿಗೆ ಹೋಲಿಸುವುದಾಗಲಿ ಬೇಡ. ಯಾವುದು ಬರುವುದಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ ತರಗತಿ ಶಿಕ್ಷಕರಿಗೆ ನೀಡಿರಿ. ಹಾಜರಾತಿ, ಕಲಿಕಾ ಸಾಮರ್ಥ್ಯ ಮತ್ತು ಪ್ರಗತಿಯನ್ನು ಪೋಷಕರ ಸಭೆಯಲ್ಲಿ ತಿಳಿಸುವುದು ಅಧಿನಿಯಮದ 24ನೇ ಪ್ರಕರಣದಂತೆ ಶಿಕ್ಷಕರ ಕರ್ತವ್ಯವಾಗಿದೆ. ಅಗತ್ಯವಿರುವ ಮಗುವಿಗೆ ಹೆಚ್ಚುವರಿ ಬೋಧನೆ ನೀಡುವುದೂ ಅದೇ ಪ್ರಕರಣದಲ್ಲಿ ಸೇರಿದೆ. ಇದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

4. ಹಾಜರಾತಿ ಮತ್ತು ಸುಗ್ಗಿಯ ಕೆಲಸ

6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನಗಳು ಮತ್ತು 1,000 ಬೋಧನಾ ಗಂಟೆಗಳು ನಿಗದಿಯಾಗಿವೆ. ತಿಂಗಳಿಗೆ ಮೂರು ದಿನ ಗೈರುಹಾಜರಾದರೆ ಹತ್ತು ತಿಂಗಳಿಗೆ 30 ದಿನಗಳಾಗುತ್ತವೆ; ಅಂದರೆ ವರ್ಷದ ಪಾಠದಲ್ಲಿ ಸುಮಾರು ಏಳನೇ ಒಂದು ಭಾಗ ತಪ್ಪಿಹೋಗುತ್ತದೆ.

ನಮ್ಮ ಭಾಗದಲ್ಲಿ ಆಲೂಗಡ್ಡೆ ಬಿತ್ತನೆಯು ಶಾಲೆ ಆರಂಭವಾಗುವ ದಿನಗಳಲ್ಲಿಯೇ ಬರುತ್ತದೆ. ಅರಕಲಗೂಡು ಕಡೆ ತಂಬಾಕಿನ ಎಲೆ ಬಿಡಿಸಿ ಬ್ಯಾರನ್‌ನಲ್ಲಿ ಹದಮಾಡುವ ಕೆಲಸ ಮೊದಲ ಅವಧಿಯಲ್ಲಿಯೇ ನಡೆಯುತ್ತದೆ. ರಾಗಿ ಕೊಯ್ಲು ಎರಡನೇ ಅವಧಿಯಲ್ಲಿ ಬರುತ್ತದೆ. ಆಳು ಸಿಗದ ಕಷ್ಟವು ಇಲಾಖೆಗೆ ತಿಳಿಯದ ವಿಷಯವಲ್ಲ. ಆದರೂ 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ನೇಮಿಸುವುದನ್ನು 2016ರಲ್ಲಿ ತಿದ್ದುಪಡಿಯಾದ ಕಾಯಿದೆಯು ನಿಷೇಧಿಸಿದೆ. ಮನೆಯವರಿಗೆ ನೆರವಾಗುವುದಿದ್ದಲ್ಲಿ ಅದು ಶಾಲಾ ಅವಧಿಯ ನಂತರ ಅಥವಾ ರಜೆಯಲ್ಲಿ ಮಾತ್ರ, ಅಪಾಯಕಾರಿಯಲ್ಲದ ಕೆಲಸಕ್ಕೆ ಸೀಮಿತವಾಗಿರತಕ್ಕದ್ದು. ಹಸಿ ತಂಬಾಕಿನ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕ ದೇಹಕ್ಕೆ ಸೇರಿ ವಾಂತಿ ಮತ್ತು ತಲೆಸುತ್ತು ಬರುವುದುಂಟು. ಆದ್ದರಿಂದ ಮಕ್ಕಳನ್ನು ಅದರಿಂದ ದೂರವಿಡುವುದು ಒಳಿತು.

5. ದಾಖಲೆಗಳ ಪರಿಶೀಲನೆ

ಶಾಲೆಯ ದಾಖಲಾತಿ ವಹಿಯಲ್ಲಿರುವ ಹೆಸರು ಮತ್ತು ಜನ್ಮ ದಿನಾಂಕಗಳೇ ಮುಂದೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಬರುತ್ತವೆ. ಅಲ್ಲಿ ಮುದ್ರಣವಾದ ತಪ್ಪನ್ನು ತಿದ್ದಿಸುವುದು ಬಹಳ ಕಷ್ಟ. ಈ ವರ್ಷವೇ ಕೆಳಕಂಡವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡತಕ್ಕದ್ದು:

- ಜನನ ಪ್ರಮಾಣಪತ್ರ
- ಆಧಾರ್ ಕಾರ್ಡ್
- ಶಾಲಾ ದಾಖಲಾತಿ ವಹಿಯ ನಮೂದು ಮತ್ತು ವಿದ್ಯಾರ್ಥಿಯ ಎಸ್.ಎ.ಟಿ.ಎಸ್. ಸಂಖ್ಯೆ
- ಜಾತಿ ಮತ್ತು ಆದಾಯ ಪ್ರಮಾಣಪತ್ರ (ನಾಡಕಚೇರಿಯಿಂದ ಪಡೆದದ್ದು, ಅವಧಿ ಮುಗಿದಿದೆಯೇ ಎಂದು ನೋಡುವುದು)
- ಮಗುವಿನ ಹೆಸರಿನ ಬ್ಯಾಂಕ್ ಖಾತೆ, ಆಧಾರ್ ಜೋಡಣೆಯೊಂದಿಗೆ

ಒಂದು ಕಡೆ ಇನಿಷಿಯಲ್ ಮೊದಲು, ಇನ್ನೊಂದು ಕಡೆ ಕೊನೆಯಲ್ಲಿ ಇರುವುದು, ತಂದೆಯ ಹೆಸರಿನೊಂದಿಗೆ ಗೌಡ, ಶೆಟ್ಟಿ, ಆಚಾರ್ ಎಂಬುದು ಒಂದರಲ್ಲಿದ್ದು ಮತ್ತೊಂದರಲ್ಲಿ ಇಲ್ಲದಿರುವುದು ಸಾಮಾನ್ಯವಾಗಿ ಕಂಡುಬರುವ ವ್ಯತ್ಯಾಸಗಳು. ಇವು ಚಿಕ್ಕವೆಂದು ತೋರಿದರೂ ವಿದ್ಯಾರ್ಥಿವೇತನ ತಡೆಹಿಡಿಯಲ್ಪಡಲು ಇವೇ ಕಾರಣವಾಗುತ್ತವೆ.

6. ಅರ್ಜಿ ಸಲ್ಲಿಸಬಹುದಾದ ಅವಕಾಶಗಳು

(ಅ) ರಾಷ್ಟ್ರೀಯ ಆದಾಯ ಮತ್ತು ಅರ್ಹತೆ ಆಧಾರಿತ ವಿದ್ಯಾರ್ಥಿವೇತನ (ಎನ್.ಎಂ.ಎಂ.ಎಸ್.): 2008ರಲ್ಲಿ ಆರಂಭವಾದ ಈ ಯೋಜನೆಯ ಪರೀಕ್ಷೆಯನ್ನು 8ನೇ ತರಗತಿಯಲ್ಲಿ ಮಾತ್ರ ಬರೆಯಬಹುದು. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳ ವಿದ್ಯಾರ್ಥಿಗಳು ಅರ್ಹರು. ಸರ್ಕಾರದ ವಸತಿ ಶಾಲೆಗಳ ಹಾಗೂ ಖಾಸಗಿ ಶಾಲೆಗಳ ವಿದ್ಯಾರ್ಥಿಗಳಿಗೆ ಅನ್ವಯಿಸುವುದಿಲ್ಲ. ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ರೂ. ಮೀರಿರಬಾರದು. 7ನೇ ತರಗತಿಯಲ್ಲಿ ಶೇ. 55 (ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 50) ಅಂಕ ಇರಬೇಕು. ಬೌದ್ಧಿಕ ಸಾಮರ್ಥ್ಯ ಮತ್ತು ವಿಷಯ ಜ್ಞಾನ ಕುರಿತು ತಲಾ 90 ಪ್ರಶ್ನೆಗಳಿರುತ್ತವೆ. ಆಯ್ಕೆಯಾದವರಿಗೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂ. ದೊರೆಯುತ್ತದೆ. ಅರ್ಜಿಯನ್ನು ಶಾಲೆಯ ಮೂಲಕ ಸಲ್ಲಿಸತಕ್ಕದ್ದು. ಆಯ್ಕೆಯಾದ ನಂತರ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಪ್ರತ್ಯೇಕ ಅರ್ಜಿ ಹಾಕದಿದ್ದಲ್ಲಿ ಹಣ ಬರುವುದಿಲ್ಲ. ಪ್ರತಿ ವರ್ಷ ನವೀಕರಣವೂ ಅಗತ್ಯ.

(ಆ) ಜವಾಹರ್ ನವೋದಯ ವಿದ್ಯಾಲಯ: ಜಿಲ್ಲೆಯ ನವೋದಯ ವಿದ್ಯಾಲಯವು ಹೊಳೆನರಸೀಪುರ ತಾಲ್ಲೂಕಿನ ಮಾವಿನಕೆರೆಯಲ್ಲಿದೆ. 9ನೇ ತರಗತಿಯಲ್ಲಿ ಖಾಲಿ ಉಳಿದ ಸ್ಥಾನಗಳಿಗೆ ಇದೇ ಜಿಲ್ಲೆಯಲ್ಲಿ 8ನೇ ತರಗತಿ ಓದುತ್ತಿರುವ ಮಕ್ಕಳು ಪ್ರವೇಶ ಪರೀಕ್ಷೆ ಬರೆಯಬಹುದು.

(ಇ) ವಿದ್ಯಾರ್ಥಿನಿಲಯ: ದೂರದ ಗ್ರಾಮಗಳ ಮಕ್ಕಳಿಗೆ ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯಗಳಿವೆ. ಶಾಲೆ ಸೇರಿದ ಕೂಡಲೇ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸುವುದು.

(ಈ) ಪ್ರಯಾಣ: 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳು ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಗಂಡುಮಕ್ಕಳು ವಿದ್ಯಾರ್ಥಿ ಬಸ್ ಪಾಸ್ ಪಡೆಯತಕ್ಕದ್ದು.

7. ಖಾಸಗಿ ಶಾಲೆಯಲ್ಲಿ ಉಚಿತ ಸ್ಥಾನ ಪಡೆದವರಿಗೆ ವಿಶೇಷ ಸೂಚನೆ

ಶಿಕ್ಷಣ ಹಕ್ಕು ಅಧಿನಿಯಮದಡಿ ಖಾಸಗಿ ಶಾಲೆಗೆ ಸೇರಿದ ಮಗುವಿನ ಉಚಿತ ಶಿಕ್ಷಣವು 8ನೇ ತರಗತಿಗೆ ಮುಗಿಯುತ್ತದೆ. 9ನೇ ತರಗತಿಯಿಂದ ಶುಲ್ಕವನ್ನು ಪೋಷಕರೇ ಭರಿಸಬೇಕಾಗುತ್ತದೆ. ಜೂನ್ ತಿಂಗಳಲ್ಲಿ ಗಾಬರಿಯಾಗುವ ಬದಲು, ಡಿಸೆಂಬರ್ ಒಳಗೆ ಶುಲ್ಕದ ವಿವರವನ್ನು ಶಾಲೆಯಿಂದ ಲಿಖಿತವಾಗಿ ಪಡೆದು ತೀರ್ಮಾನಿಸುವುದು. ಭರಿಸಲು ಸಾಧ್ಯವಾಗದಿದ್ದಲ್ಲಿ ಸಮೀಪದ ಸರ್ಕಾರಿ ಪ್ರೌಢಶಾಲೆಗೆ ಸೇರಿಸಬಹುದು. ಇದರಿಂದ ಮಗುವಿನ ಗೌರವಕ್ಕೆ ಯಾವುದೇ ಕುಂದಿಲ್ಲ; ಆದರೆ ಬೋಧನಾ ಮಾಧ್ಯಮ ಬದಲಾಗುವುದಾದರೆ ಬೇಸಿಗೆ ರಜೆಯಲ್ಲಿಯೇ ಸಿದ್ಧತೆ ಆರಂಭಿಸತಕ್ಕದ್ದು.

8. ಶಾಲೆ ಬದಲಾವಣೆ

7ನೇ ತರಗತಿಯ ನಂತರ ಶಾಲೆ ಬದಲಿಸುವ ಮಗುವಿಗೆ ಮುಖ್ಯ ಶಿಕ್ಷಕರು ವರ್ಗಾವಣೆ ಪ್ರಮಾಣಪತ್ರವನ್ನು ಕೂಡಲೇ ನೀಡತಕ್ಕದ್ದು. ಪ್ರಮಾಣಪತ್ರ ತಡವಾಯಿತೆಂಬ ಕಾರಣಕ್ಕೆ 8ನೇ ತರಗತಿಗೆ ಪ್ರವೇಶ ನಿರಾಕರಿಸುವಂತಿಲ್ಲ (ಪ್ರಕರಣ 5). 8ನೇ ತರಗತಿ ಪೂರೈಸಿದ ಮಗುವಿಗೆ ಪ್ರಾಥಮಿಕ ಶಿಕ್ಷಣ ಪೂರ್ಣಗೊಳಿಸಿದ ಬಗ್ಗೆ ಪ್ರಮಾಣಪತ್ರ ಪಡೆಯುವ ಹಕ್ಕಿದೆ (ಪ್ರಕರಣ 30).

ಹೊಸ ಶಾಲೆಯ ಮೊದಲ ತಿಂಗಳು ಎಚ್ಚರಿಕೆಯಿಂದಿರಬೇಕಾದ ಕಾಲ. ಮಗು ಮನೆಯಿಂದ ಹೊರಟು ಶಾಲೆಯನ್ನು ತಲುಪಿದೆಯೇ ಎಂದು ವಾರಕ್ಕೊಮ್ಮೆಯಾದರೂ ವಿಚಾರಿಸಿರಿ. ಊರಿಂದ ಶಾಲೆ ದೂರ ಎಂಬ ಕಾರಣಕ್ಕೆ ಹೆಣ್ಣುಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದು. 18 ವರ್ಷದೊಳಗಿನ ಹೆಣ್ಣುಮಗುವಿನ ವಿವಾಹವು ಶಿಕ್ಷಾರ್ಹ ಅಪರಾಧವಾಗಿರುತ್ತದೆ.

9. ಸಂಪರ್ಕಿಸುವ ಕ್ರಮ

ಮೊದಲು ತರಗತಿ ಶಿಕ್ಷಕರು, ನಂತರ ಮುಖ್ಯ ಶಿಕ್ಷಕರು ಮತ್ತು ಎಸ್.ಡಿ.ಎಂ.ಸಿ. ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು ಅಥವಾ ಚನ್ನರಾಯಪಟ್ಟಣದ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಲಿಖಿತ ಮನವಿ ಸಲ್ಲಿಸಿ, ಸ್ವೀಕೃತಿ ಪಡೆಯತಕ್ಕದ್ದು. ಬಾಲ್ಯವಿವಾಹ, ಬಾಲಕಾರ್ಮಿಕತೆ ಅಥವಾ ಮಗುವಿನ ಮೇಲಿನ ದೌರ್ಜನ್ಯದ ಬಗ್ಗೆ 1098 ಉಚಿತ ದೂರವಾಣಿಗೆ ತಿಳಿಸಬಹುದು.

ಶಾಲೆಯು ಪಾಠ ಹೇಳಬಲ್ಲದು, ಇಲಾಖೆಯು ಸೌಲಭ್ಯ ಒದಗಿಸಬಲ್ಲದು. ಆದರೆ ಮಗು ಪ್ರತಿದಿನ ಶಾಲೆಗೆ ಹೋಗುವಂತೆ ಮತ್ತು ಹೊಸ ಶಾಲೆಯ ದಾಖಲಾತಿ ವಹಿಯಲ್ಲಿ ಅದರ ಹೆಸರು ಬರುವಂತೆ ನೋಡಿಕೊಳ್ಳುವುದು ಪೋಷಕರಿಂದಲೇ ಆಗಬೇಕಾದ ಕೆಲಸ. ಈ ಒಂದು ವರ್ಷ ಅದಕ್ಕಾಗಿ ಹೆಚ್ಚಿನ ಗಮನ ನೀಡಬೇಕೆಂದು ಎಲ್ಲ ಪೋಷಕರಲ್ಲಿ ಕೋರಲಾಗಿದೆ.