ಖರ್ಚಾಗದ ಆ್ಯಸಿಡ್ ಕಸಕ್ಕೆ ಹೋಗಿದ್ದು ಯಾಕೆ? | ಕೆಮಿಸ್ಟ್ರಿ ಕಥೆ, ಭಾಗ 6

'ಕ್ಯಾಟಲಿಸ್ಟ್ ಕ್ರಿಯೆಯನ್ನು ಚುರುಕು ಮಾಡುತ್ತೆ, ತಾನು ಖರ್ಚಾಗಲ್ಲ.' ಈ ಸಾಲನ್ನ ನಾವೆಲ್ಲ ಬಾಯಿಪಾಠ ಮಾಡಿದೀವಿ. ನಿಜಾನೇ. ಆದ್ರೆ ಖರ್ಚಾಗದೇ ಉಳಿದದ್ದು ನಮ್ಮ ಕೈಗೆ ವಾಪಸ್ ಸಿಗುತ್ತಾ? ಸಕ್ಕರೆಯ ಕೆಮಿಸ್ಟ್ರಿ ಈ ಪ್ರಶ್ನೆ ಜೊತೆ 200 ವರ್ಷದಿಂದ ಗುದ್ದಾಡ್ತಿದೆ.

📌 1811, ಸೇಂಟ್ ಪೀಟರ್ಸ್‌ಬರ್ಗ್
ಗಾಟ್ಲೀಬ್ ಕಿರ್ಚಾಫ್ (ಸರ್ಕ್ಯೂಟ್ ನಿಯಮದವರಲ್ಲ, ಇವರು ಬೇರೆ!) ಪಿಷ್ಟಕ್ಕೆ ನೀರು, ಸ್ವಲ್ಪ ಸಲ್ಫ್ಯೂರಿಕ್ ಆ್ಯಸಿಡ್ ಹಾಕಿ ಕುದಿಸಿದ್ರು. ಸಿಹಿ ಪಾಕ ಬಂತು. ಆ್ಯಸಿಡ್ ಹಾಕಿದಷ್ಟೇ ಇತ್ತು. 1835ರಲ್ಲಿ ಬರ್ಜೀಲಿಯಸ್ 'ಕ್ಯಾಟಲಿಸಿಸ್' ಅನ್ನೋ ಹೆಸರು ಕೊಟ್ಟಾಗ ಇದೂ ಒಂದು ಉದಾಹರಣೆ. ಆದ್ರೆ ಪಾಕದಲ್ಲಿ ಕರಗಿದ ಆ್ಯಸಿಡ್ ತೆಗೆಯೋದು ಹೇಗೆ? ಸೀಮೆಸುಣ್ಣದ ಪುಡಿ ಹಾಕಬೇಕು. ಆಗ ಅದು ಜಿಪ್ಸಮ್ ಆಗಿ ತಳ ಸೇರುತ್ತೆ. ಪಾಕ ಉಳೀತು, ಆ್ಯಸಿಡ್ ಹೋಯ್ತು.

📌 1922, ಅಮೆರಿಕದ ಸೀಡರ್ ರ‍್ಯಾಪಿಡ್ಸ್
ಕ್ವೇಕರ್ ಓಟ್ಸ್ ಕಂಪನಿ ಹತ್ರ ಓಟ್ಸ್ ಹೊಟ್ಟು ರಾಶಿ ಬಿದ್ದಿತ್ತು. ಅದನ್ನ ಆ್ಯಸಿಡ್, ಹಬೆಯಲ್ಲಿ ಬೇಯಿಸಿ ಫರ್ಫ್ಯೂರಲ್ ಅನ್ನೋ ದ್ರವವನ್ನ ಕಾರ್ಖಾನೆ ಮಟ್ಟದಲ್ಲಿ ತಯಾರಿಸಿದ್ರು. ಲ್ಯಾಟಿನ್‌ನಲ್ಲಿ 'ಫರ್ಫರ್' ಅಂದ್ರೆ ತೌಡು. ಇದನ್ನ 1832ರಲ್ಲೇ ವರದಿ ಮಾಡಿದವರು ನಮ್ಮ ಪಠ್ಯದ 'ತ್ರಿವಳಿ' ಡೊಬೆರೈನರ್. ಹೊಟ್ಟಿನಿಂದ ಕೆಮಿಕಲ್ ಬಂತು, ಆದ್ರೆ ಆ್ಯಸಿಡ್ ಕಥೆ ಅದೇ: ಪಾತ್ರೆ ತಿನ್ನುತ್ತೆ, ಉಳಿದದ್ದು ತ್ಯಾಜ್ಯದ ಜೊತೆ ಹೋಗುತ್ತೆ.

📌 ಹಾಗಾದ್ರೆ ಘನ ಆ್ಯಸಿಡ್?
ಆಮ್ಲ ಗುಣ ಒಂದು ಕಲ್ಲಿನ ಮೇಲೇ ಅಂಟಿಕೊಂಡಿದ್ರೆ ಕೆಲಸ ಮುಗಿದ ಮೇಲೆ ಚಹಾ ಸೋಸಿದ ಹಾಗೆ ಸೋಸಿ ತೆಗೀಬಹುದು. ಪೆಟ್ರೋಲಿಯಂನವರು ಇದನ್ನ ಮೊದಲೇ ಮಾಡಿದ್ರು: 1930ರ ದಶಕದಲ್ಲಿ ಆಮ್ಲೀಯ ಜೇಡಿಮಣ್ಣು, 1960ರ ದಶಕದಲ್ಲಿ ಸೂಕ್ಷ್ಮ ರಂಧ್ರಗಳ ಝಿಯೋಲೈಟ್. ಆದ್ರೆ ತೈಲವನ್ನ ಆವಿ ಮಾಡಿ ಅದರ ಮೇಲೆ ಹಾಯಿಸಬಹುದು. ಸಕ್ಕರೆ ಆವಿಯಾಗಲ್ಲ, ಕರಕಲಾಗುತ್ತೆ. ಅದಕ್ಕೆ ನೀರೇ ಬೇಕು. ಬಿಸಿನೀರು ಝಿಯೋಲೈಟನ್ನೇ ಹಾಳು ಮಾಡುತ್ತೆ, ಸಕ್ಕರೆಯಿಂದ ಹುಟ್ಟೋ ಕಪ್ಪು ಅಂಟು ರಂಧ್ರ ಮುಚ್ಚುತ್ತೆ.

📌 ಹೊಸ ದಾರಿ
ಜಪಾನಿನ ಸಂಶೋಧಕರು ಆ ಕರಕಲನ್ನೇ ಬಳಸಿಕೊಂಡ್ರು! ಸಕ್ಕರೆಯನ್ನ ಅರೆಬರೆ ಸುಟ್ಟು, ಸಲ್ಫ್ಯೂರಿಕ್ ಆ್ಯಸಿಡ್ ಜೊತೆ ಬಿಸಿಮಾಡಿ, 2005ರಲ್ಲಿ ಘನ ಆ್ಯಸಿಡ್ ಮಾಡಿದ್ರು. 2008ರಲ್ಲಿ ಇಂಥದ್ದೇ ಇಂಗಾಲ ಸೆಲ್ಯುಲೋಸನ್ನ ಸಕ್ಕರೆಯಾಗಿ ಒಡೆಯಿತು. 2010ರಲ್ಲಿ ಕ್ಯಾಲ್ಟೆಕ್‌ನ ಮಾರ್ಕ್ ಡೇವಿಸ್ ತಂಡ ತವರ ಸೇರಿಸಿದ ಝಿಯೋಲೈಟ್‌ನಿಂದ, ನೀರಿನಲ್ಲೇ, 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗ್ಲೂಕೋಸನ್ನ ಫ್ರಕ್ಟೋಸ್ ಮಾಡಿತು. ಫ್ರಕ್ಟೋಸ್ ಯಾಕೆ ಮುಖ್ಯ? ಅದರಿಂದ ಮೂರು ನೀರಿನ ಅಣು ತೆಗೆದ್ರೆ ಎಚ್‌ಎಂಎಫ್. ಅಲ್ಲಿಂದ ಬಾಟಲಿ ಪ್ಲಾಸ್ಟಿಕ್‌ವರೆಗೂ ದಾರಿ ಇದೆ, ಪೆಟ್ರೋಲಿಯಂ ಇಲ್ಲದೆ.

ಕಥೆ ಇನ್ನೂ ಮುಗಿದಿಲ್ಲ. ಫರ್ಫ್ಯೂರಲ್ ಕಾರ್ಖಾನೆಗಳಲ್ಲಿ ಇವತ್ತಿಗೂ ದ್ರವ ಆ್ಯಸಿಡ್ ಬಳಕೆಯಲ್ಲಿದೆ. ಹೊಸ ಕ್ಯಾಟಲಿಸ್ಟ್ ಸುದ್ದಿ ಓದಿದಾಗ ಎಷ್ಟು ಇಳುವರಿ ಅಂತ ಮಾತ್ರ ನೋಡಬೇಡಿ. ಅದೇ ಪುಡಿ ಎಷ್ಟು ಸಲ ಕೆಲಸ ಮಾಡಿತು ಅಂತಾನೂ ಕೇಳಿ.

ಸೇವ್ ಮಾಡ್ಕೊಳ್ಳಿ, ಕೆಮಿಸ್ಟ್ರಿ ಬೋರು ಅನ್ನೋ ಫ್ರೆಂಡ್‌ಗೆ ಕಳಿಸಿ 👇

#ಕೆಮಿಸ್ಟ್ರಿಕಥೆ #ಕನ್ನಡದಲ್ಲಿವಿಜ್ಞಾನ